ಬೀರುವಿನ ಬೀಗದ ಕೈ ಯಾರ ಬಳಿ ಇದೆ?

ನವೆಂಬರ್ 14 ಬಂತೆಂದರೆ ನಮ್ಮ ಶಾಲೆಗಳಲ್ಲಿ ಮಕ್ಕಳ ದಿನಾಚರಣೆ. ಅಂದಿನಿಂದ 20ರ ವರೆಗೆ ಗ್ರಂಥಾಲಯ ಸಪ್ತಾಹ. ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಾರೆ. ಬೀರುವಿನಿಂದ ಪುಸ್ತಕಗಳನ್ನು ಹೊರತೆಗೆದು, ದೂಳು ಕೊಡವಿ, ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಾರೆ. ದೊಡ್ಡವರು ಬಂದು ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಭಾಷಣ ಮಾಡುತ್ತಾರೆ. ಮಕ್ಕಳು ಕೈಕಟ್ಟಿ ಕೂತು ಕೇಳುತ್ತಾರೆ. ಪುಸ್ತಕ ಮುಟ್ಟಬಾರದೆಂದು ಅವರಿಗೆ ಮೊದಲೇ ತಾಕೀತಾಗಿರುತ್ತದೆ. 21ನೆಯ ತಾರೀಖಿಗೆ ಪುಸ್ತಕಗಳು ಮತ್ತೆ ಬೀರು ಸೇರುತ್ತವೆ. ಬೀಗ ಬೀಳುತ್ತದೆ. ಮುಂದಿನ ನವೆಂಬರ್ ತನಕ ಅವಕ್ಕೆ ಸೆರೆವಾಸ.

ಎಲ್ಲ ಶಾಲೆಗಳೂ ಹೀಗೆಯೇ ಎಂದು ನಾವು ಹೇಳುವುದಿಲ್ಲ. ಮಕ್ಕಳ ಕೈಗೆ ಪುಸ್ತಕ ಕೊಟ್ಟು, ಹರಿದುದನ್ನು ತಾವೇ ಅಂಟಿಸಿ, ಮತ್ತೆ ಕೊಡುವ ಮಾಸ್ತರರೂ ಅಕ್ಕೋರೂ ಇದ್ದಾರೆ. ಅವರಿಗೆ ನಮ್ಮ ನಮಸ್ಕಾರ. ಆದರೆ ಅಂಥವರನ್ನು ಬೆರಳೆಣಿಸಿ ಹುಡುಕಬೇಕಾಗಿದೆ ಎಂಬುದೇ ನಮ್ಮ ಚಿಂತೆ.

ಕನ್ನಡದಲ್ಲಿ ಮಕ್ಕಳ ಪುಸ್ತಕಗಳಿಲ್ಲ, ಬರೆಯುವವರಿಲ್ಲ, ಕಾನೂನಿಲ್ಲ, ಹಣವಿಲ್ಲ ಎಂದು ಕೊರಗುವವರುಂಟು. ಈ ನಾಲ್ಕು ಮಾತುಗಳಲ್ಲಿ ಒಂದೂ ಪೂರ್ತಿ ನಿಜವಲ್ಲ. ಪುಸ್ತಕವಿದೆ, ಮಗುವಿದೆ, ಎರಡರ ನಡುವಿನ ದಾರಿ ಮುಚ್ಚಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಪೂಜಾರಿಯನ್ನು ಬೈದು ಪ್ರಯೋಜನವಿಲ್ಲ. ಅವನು ಏಕೆ ಕೊಡುತ್ತಿಲ್ಲ ಎಂಬುದನ್ನು ವಿಚಾರಿಸಬೇಕು. ಅದಕ್ಕಾಗಿಯೇ ಈ ಲೇಖನ.

ತಲೆಯ ಮೇಲೆ ಹೊತ್ತು ತಂದವರು

ಕನ್ನಡದಲ್ಲಿ ಮಕ್ಕಳ ಸಾಹಿತ್ಯವನ್ನು ಕಟ್ಟಿದವರಲ್ಲಿ ಬಹಳ ಮಂದಿ ಪಾಠ ಹೇಳುವ ಕೆಲಸದವರೇ. ಪಂಜೆ ಮಂಗೇಶರಾಯರು ಶಾಲೆಯಲ್ಲಿ ಕಲಿಸಿದವರು, ಶಾಲೆಗಳ ತನಿಖೆ ಮಾಡಿದವರು. ಮಂಗಳೂರಿನಲ್ಲಿ 1921ರಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಜಿ. ಪಿ. ರಾಜರತ್ನಂ ಅವರು ಕಾಲೇಜಿನಲ್ಲಿ ಕನ್ನಡ ಹೇಳುತ್ತ ಎಳೆಯ ಮಕ್ಕಳ ಬಾಯಲ್ಲಿ ನಿಲ್ಲುವ ಪದ್ಯ ಬರೆದರು. ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಒಬ್ಬರೇ ಬರೆದು ಮಕ್ಕಳ ಮುಂದಿಟ್ಟರು. ಅಂಕೋಲೆಯ ದಿನಕರ ದೇಸಾಯಿಯವರ ಮಾತನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೇಣಿದಾರರ ಪರವಾಗಿ ನಿಂತುದಕ್ಕೆ ಬ್ರಿಟಿಷ್ ಸರಕಾರದಿಂದ ಗಡಿಪಾರಾದ ಆ ಮನುಷ್ಯನೇ ಮಕ್ಕಳಿಗಾಗಿ ಗಡಿಯಾರದ ಮೇಲೆ ಪದ್ಯ ಕಟ್ಟಿದರು. ‘ಜನಸೇವಕ’ ವಾರಪತ್ರಿಕೆ ನಡೆಸಿದರು. ಹಳ್ಳಿಯ ಮಕ್ಕಳಿಗೆ ಹೈಸ್ಕೂಲುಗಳನ್ನು ತೆರೆದರು. ರೈತನ ಹೋರಾಟವೂ ಮಗುವಿನ ಪದ್ಯವೂ ಅವರಿಗೆ ಬೇರೆ ಬೇರೆ ಕೆಲಸವಾಗಿ ತೋರಲಿಲ್ಲ.

ಇವರೆಲ್ಲರಿಗಿಂತ ಮೊದಲು ಗಳಗನಾಥರಿದ್ದರು. ಅವರೂ ಮಾಸ್ತರರು. 1869ರಲ್ಲಿ ಹುಟ್ಟಿದ ಇವರು ಕನ್ನಡದಲ್ಲಿ ಕಾದಂಬರಿ ಬರೆದು, ಅಚ್ಚು ಹಾಕಿಸಿ, ಆ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಬರೆಯುವುದು ಅರ್ಧ ಕೆಲಸ, ಓದುವವನ ಬಾಗಿಲಿಗೆ ಮುಟ್ಟಿಸುವುದು ಇನ್ನರ್ಧ ಕೆಲಸ ಎಂಬುದನ್ನು ಅವರು ಬಾಯಿಂದ ಹೇಳದೆ ಕಾಲಿನಿಂದ ನಡೆದು ತೋರಿಸಿದರು. ಇಂದು ನಮ್ಮಲ್ಲಿ ಮೊದಲ ಅರ್ಧ ನಡೆಯುತ್ತಿದೆ. ಎರಡನೆಯ ಅರ್ಧಕ್ಕೆ ಯಜಮಾನನಿಲ್ಲ.

ಇದನ್ನು ಶಾಸ್ತ್ರವಾಗಿ ಬರೆದಿಟ್ಟವರೂ ನಮ್ಮ ಪಕ್ಕದವರೇ. ಎಸ್. ಆರ್. ರಂಗನಾಥನ್ ಎಂಬವರು ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ಕೊನೆಯ ವರುಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಗ್ರಂಥಾಲಯಕ್ಕೆ ಅವರು 1931ರಲ್ಲಿ ಐದು ಸೂತ್ರಗಳನ್ನು ಹಾಕಿಕೊಟ್ಟರು. ಪುಸ್ತಕ ಇರುವುದು ಕಾಪಾಡುವುದಕ್ಕಲ್ಲ, ಉಪಯೋಗಕ್ಕೆ ಎಂಬುದು ಮೊದಲನೆಯದರ ತಾತ್ಪರ್ಯ. ಓದುವ ಪ್ರತಿಯೊಬ್ಬನಿಗೂ ಅವನದೇ ಆದ ಪುಸ್ತಕ ಸಿಗಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರದೇ ಆದ ಓದುಗ ಸಿಗಬೇಕು ಎಂಬುದು ಮುಂದಿನ ಎರಡರದು. ಅದೇ 1931ರ ಅಕ್ಟೋಬರಿನಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕದ ಕಪಾಟು ಕಟ್ಟಿ ಹಳ್ಳಿಗಳಿಗೆ ಹೊರಡಿಸಲಾಯಿತು. ಮೋಟಾರಿಲ್ಲದ ಕಾಲದಲ್ಲಿ ಪುಸ್ತಕ ಎತ್ತಿನ ಗಾಡಿ ಹತ್ತಿ ಓದುಗನನ್ನು ಹುಡುಕಿಕೊಂಡು ಹೋಯಿತು. ಮೋಟಾರು ಬಂದ ಕಾಲದಲ್ಲಿ ಅದು ಹೆಡ್‌ಮಾಸ್ತರರ ಕೋಣೆಯಿಂದ ಪಕ್ಕದ ಐದನೆಯ ತರಗತಿಗೆ ಹೋಗಲಾರದೆ ಕೂತಿದೆ.

ಹೆದರಿಕೆಯ ವಹಿ

ಏಕೆ ಹೀಗಾಯಿತು? ಮಾಸ್ತರರು ಸೋಮಾರಿಗಳೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಾವು ಕೆಲವು ವರುಷ ಮಾಸ್ತರಿಕೆ ಮಾಡಿದವರು. ಒಳಗಿನ ಸಂಗತಿ ಬಲ್ಲೆವು. ಶಾಲೆಯ ಪುಸ್ತಕಗಳೆಲ್ಲ ಒಂದು ದಾಸ್ತಾನು ವಹಿಯಲ್ಲಿ ನಮೂದಾಗಿರುತ್ತವೆ. ಆ ವಹಿ ಒಬ್ಬ ಮಾಸ್ತರರ ತಲೆಗೆ ಕಟ್ಟಿರುತ್ತದೆ. ವರ್ಗವಾಗಿ ಹೋಗುವಾಗ ಮುಂದಿನವರಿಗೆ ಎಣಿಸಿ ಒಪ್ಪಿಸಬೇಕು. ಕಡಿಮೆ ಬಿದ್ದರೆ ಬೆಲೆ ಕಟ್ಟಬೇಕೆಂಬ ಮಾತು ಬರುತ್ತದೆ. ತನಿಖೆಗೆ ಬಂದವರು ಕೇಳುವ ಪ್ರಶ್ನೆ ಒಂದೇ: ಎಷ್ಟು ಪುಸ್ತಕ ಇವೆ? ಎಷ್ಟು ಪುಸ್ತಕ ಓದಲ್ಪಟ್ಟವು ಎಂದು ಕೇಳಿದ ಒಬ್ಬ ಸಾಹೇಬರನ್ನೂ ನಾವು ಕಾಣಲಿಲ್ಲ.

ಹೀಗಿರುವಾಗ ಬುದ್ಧಿವಂತನಾದ ಮಾಸ್ತರನು ಏನು ಮಾಡುತ್ತಾನೆ? ಬೀಗ ಹಾಕುತ್ತಾನೆ. ಕೊಟ್ಟರೆ ತಾನೆ ಕಳೆಯುವುದು! ಇನ್ನೂ ಒಂದು ವಿಚಿತ್ರ ಕೇಳಿ. ನಾವು ಕಲಿಸಿದ ಒಂದು ಶಾಲೆಯಲ್ಲಿ ಬೀರುವಿನ ಕೆಳಗಿನ ಅರೆಗೆ ಗೆದ್ದಲು ಹಿಡಿದು ಒಂದು ಸಾಲು ಪುಸ್ತಕ ಮಣ್ಣಾಯಿತು. ಅದನ್ನು ಯಾರೂ ಕೇಳಲಿಲ್ಲ. ಗೆದ್ದಲು ತಿಂದಿತೆಂದು ಬರೆದರಾಯಿತು. ಅದೇ ಒಂದು ಹುಡುಗಿ ಮನೆಗೊಯ್ದ ಪುಸ್ತಕದ ಹೊದಿಕೆ ಮಳೆಯಲ್ಲಿ ನೆನೆದು ಕಿತ್ತುಬಂದಾಗ ಎರಡು ವಾರ ವಿಚಾರಣೆ ನಡೆಯಿತು. ಓದಿ ಹರಿದರೆ ಅಪರಾಧ, ಓದದೆ ಕೊಳೆತರೆ ದೈವೇಚ್ಛೆ! ಗೆದ್ದಲಿಗೆ ಇರುವ ಸದಸ್ಯತ್ವ ಮಗುವಿಗಿಲ್ಲ.

ಗಿರಣಿಯ ಬಂಧುಗಳು ಒಮ್ಮೆ ಯೋಚಿಸಬೇಕು. ಹತ್ತಿ ನೂಲಾಗುವಾಗ ಒಂದಿಷ್ಟು ವೇಸ್ಟು ಆಗಿಯೇ ಆಗುತ್ತದೆ. ಆ ಲೆಕ್ಕವನ್ನು ಮೊದಲೇ ಹಿಡಿದಿರುತ್ತಾರೆ. ವೇಸ್ಟು ಆಗುತ್ತದೆಂದು ಹತ್ತಿಯನ್ನು ಗೋದಾಮಿನಲ್ಲೇ ಇಟ್ಟು ಯಂತ್ರ ನಿಲ್ಲಿಸುವ ಮಾಲೀಕನುಂಟೆ? ಅಂಗಡಿಯ ಬಂಧುಗಳೂ ಯೋಚಿಸಬೇಕು. ಬೆಲ್ಲದ ಪೆಂಟೆಯಲ್ಲಿ ಸೋರಿಕೆ ಉಂಟು, ಅಕ್ಕಿಯ ಮೂಟೆಯಲ್ಲಿ ಒಣಗುವಿಕೆ ಉಂಟು. ಸರಕು ಒಂದು ಕಾಳೂ ಕದಲದೆ ಭದ್ರವಾಗಿದೆ ಎಂದು ವರುಷದ ಕೊನೆಯಲ್ಲಿ ಹಿಗ್ಗುವ ವ್ಯಾಪಾರಿಯನ್ನು ನೀವು ಕಂಡಿದ್ದೀರಾ? ಕದಲದ ಸರಕು ದಿವಾಳಿಯ ಗುರುತು. ಶಾಲೆಯ ಬೀರುವಿನಲ್ಲಿ ಮಾತ್ರ ಅದು ಶಿಸ್ತಿನ ಗುರುತಾಗಿದೆ.

ಈ ಮಾತು ನಮ್ಮ ಕಲ್ಪನೆಯಲ್ಲ; ಸರಕಾರವೇ ಒಪ್ಪಿದ ಮಾತು. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯದ ಪುಸ್ತಕಗಳನ್ನು ಎಣಿಸುವ ನಿಯಮ. ವರುಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಅದರಲ್ಲಿ ಮೋಸವಾಗಲಿ ಅಲಕ್ಷ್ಯವಾಗಲಿ ಇಲ್ಲದಿದ್ದರೆ, ಅದನ್ನು ಸಹಜ ನಷ್ಟವೆಂದು ಭಾವಿಸಬಹುದೆಂದು ಅದು ಹೇಳುತ್ತದೆ. ಸಾವಿರ ರೂಪಾಯಿಗೆ ಮೀರಿದ ಪುಸ್ತಕಕ್ಕೂ ಅಪರೂಪದ ಗ್ರಂಥಕ್ಕೂ ಮಾತ್ರ ವಿಚಾರಣೆ ಕಡ್ಡಾಯ. ಈ ಲೆಕ್ಕದ ಜಾಣ್ಮೆಯನ್ನು ಗಮನಿಸಿ. ಇದು ಇರುವ ಪುಸ್ತಕದ ಮೇಲಿನ ಲೆಕ್ಕವಲ್ಲ, ಕೊಟ್ಟ ಪುಸ್ತಕದ ಮೇಲಿನ ಲೆಕ್ಕ. ಮುನ್ನೂರು ಪುಸ್ತಕವಿರುವ ಶಾಲೆ ಒಂದೊಂದನ್ನು ವರುಷಕ್ಕೆ ಹತ್ತು ಸಲ ಕೊಟ್ಟರೆ ಮೂರು ಸಾವಿರ ಸಲ ಕೊಟ್ಟಂತಾಯಿತು. ಹದಿನೈದು ಪುಸ್ತಕದ ನಷ್ಟಕ್ಕೆ ಕ್ಷಮೆ ಉಂಟು. ಒಂದನ್ನೂ ಕೊಡದ ಶಾಲೆಗೆ ಒಂದರ ಕ್ಷಮೆಯೂ ಇಲ್ಲ. ಹೆಚ್ಚು ಕೊಟ್ಟವನಿಗೆ ಹೆಚ್ಚು ಧೈರ್ಯ ಕೊಡುವ ನಿಯಮವಿದು.

ಆದರೆ ಈ ನಿಯಮ ಇರುವುದು ಕೇಂದ್ರದ ಕಚೇರಿಗಳಿಗೆ. ದಿಲ್ಲಿಯ ಕಚೇರಿಯಲ್ಲಿ ಕನ್ನಡಕ ಹಾಕಿ ಓದುವ ದೊಡ್ಡ ಮನುಷ್ಯನಿಗೆ ಸಾವಿರಕ್ಕೆ ಐದರ ಕ್ಷಮೆ ಉಂಟಾದರೆ, ಕೂಲಿ ಮಾಡುವವರ ಮನೆಯ ಎಂಟು ವರುಷದ ಮಗುವಿಗೆ ಅದಕ್ಕಿಂತ ಹೆಚ್ಚೇ ಇರಬೇಕಲ್ಲವೆ? ಆ ಮನೆಯಲ್ಲಿ ಪುಸ್ತಕವಿಡಲು ಗೂಡಿಲ್ಲ, ತಂಗಿಯ ಕೈಗೆ ಸಿಕ್ಕದಂತೆ ಕಾಯಲು ಕೋಣೆಯಿಲ್ಲ. ಅಲ್ಲಿ ಪುಸ್ತಕ ಹರಿಯುತ್ತದೆ. ಹರಿಯಲಿ. ಹರಿದ ಪುಸ್ತಕ ಓದಿದ ಪುಸ್ತಕ.

ಹಣ ಎಲ್ಲಿದೆ?

ಹಣವಿಲ್ಲವೆಂಬ ಮಾತನ್ನು ನೋಡೋಣ. ಮಕ್ಕಳ ಕಡ್ಡಾಯ ಶಿಕ್ಷಣದ 2009ರ ಕಾನೂನಿನ ಅನುಸೂಚಿಯಲ್ಲಿ ಪ್ರತಿಯೊಂದು ಶಾಲೆಗೂ ಗ್ರಂಥಾಲಯ ಇರಲೇಬೇಕೆಂದಿದೆ. ಅದರಲ್ಲಿ ಕಥೆಪುಸ್ತಕಗಳೂ ಇರಬೇಕೆಂದು ಹೆಸರು ಹಿಡಿದು ಹೇಳಿದೆ. 2018ರಲ್ಲಿ ಬಂದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಯ ದರ್ಜೆಗೆ ತಕ್ಕಂತೆ ಐದು ಸಾವಿರದಿಂದ ಇಪ್ಪತ್ತು ಸಾವಿರ ರೂಪಾಯಿ ತನಕ ಗ್ರಂಥಾಲಯದ ಅನುದಾನವನ್ನು ಇಡಲಾಯಿತು.

ಇನ್ನು ಊರಿನ ಗ್ರಂಥಾಲಯ. ನಮ್ಮ ರಾಜ್ಯಕ್ಕೆ 1965ರಲ್ಲಿಯೇ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಬಂತು. ಅದರ ಪ್ರಕಾರ ಮನೆ, ಅಂಗಡಿಗಳ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಸೇರಿಸುತ್ತಾರೆ. ಅಂಗಡಿಯ ಬಂಧುಗಳು ತಮ್ಮ ಆಸ್ತಿ ತೆರಿಗೆಯ ರಸೀದಿಯನ್ನು ತೆಗೆದು ನೋಡಬೇಕು. ತೆರಿಗೆಯ ರೂಪಾಯಿಗೆ ಆರು ಪೈಸೆ ಇದರದು. ಎರಡು ಸಾವಿರ ತೆರಿಗೆ ಕಟ್ಟುವವನು ನೂರಿಪ್ಪತ್ತು ರೂಪಾಯಿಯನ್ನು ಪುಸ್ತಕಕ್ಕಾಗಿಯೇ ಕಟ್ಟುತ್ತಾನೆ. ಬಾಡಿಗೆ ಮನೆಯ ಕಾರ್ಮಿಕನೂ ಬಾಡಿಗೆಯ ಮೂಲಕ ಅದನ್ನು ತೆತ್ತೇ ತೆರುತ್ತಾನೆ. ಈ ಹಣವನ್ನು ಪುರಸಭೆ, ನಗರಸಭೆಗಳು ವಸೂಲು ಮಾಡಿ ಗ್ರಂಥಾಲಯಕ್ಕೆ ಒಪ್ಪಿಸಬೇಕು. ಒಪ್ಪಿಸುವಲ್ಲಿ ತಡ, ಬಾಕಿ. ಬೆಂಗಳೂರು ಮಹಾನಗರ ಪಾಲಿಕೆಯದೇ ನೂರಾರು ಕೋಟಿ ರೂಪಾಯಿ ಬಾಕಿ ಎಂದು ಪತ್ರಿಕೆಗಳಲ್ಲಿ ಹಿಂದೆ ಮತ್ತೆ ಮತ್ತೆ ವರದಿಯಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ನಾವು ಭಿಕ್ಷೆ ಬೇಡುತ್ತಿಲ್ಲ. ಕೊಟ್ಟ ಹಣದ ಸರಕು ಕೇಳುತ್ತಿದ್ದೇವೆ.

ಸರಕು ಕೊಳ್ಳುವಾಗಲೂ ಒಂದು ಅನ್ಯಾಯವುಂಟು. ಕನ್ನಡ ಪ್ರಕಾಶಕನಿಗೆ ಸರಕಾರದ ಸಗಟು ಖರೀದಿಯೇ ದೊಡ್ಡ ಆಧಾರ. ಅದು ಬೇಕು, ಅದಿಲ್ಲದಿದ್ದರೆ ಎಷ್ಟೋ ಒಳ್ಳೆಯ ಪುಸ್ತಕ ಅಚ್ಚಾಗುತ್ತಿರಲಿಲ್ಲ. ಆದರೆ ಕೊಳ್ಳುವವನು ಒಬ್ಬ, ಓದುವವನು ಇನ್ನೊಬ್ಬ ಎಂದಾಗ ಮಾರುವವನ ಕಣ್ಣು ಕೊಳ್ಳುವವನ ಮೇಲೆಯೇ ಇರುತ್ತದೆ. ಮಗುವಿನ ಹೆಸರಿನಲ್ಲಿ ಕೊಂಡ ಎಷ್ಟೋ ಪುಸ್ತಕಗಳಲ್ಲಿ ಉಪದೇಶ ಹೆಚ್ಚು, ನಗು ಕಡಿಮೆ. ಅಕ್ಷರ ಸಣ್ಣದು, ಚಿತ್ರ ಮಾಸಲು. ಯಾವ ಪುಸ್ತಕವನ್ನು ಮಕ್ಕಳು ಮೇಲೆಬಿದ್ದು ಓದಿದರು, ಯಾವುದನ್ನು ಮುಟ್ಟಲಿಲ್ಲ ಎಂಬ ಲೆಕ್ಕ ಶಾಲೆಯಲ್ಲಿದ್ದರೆ ಮುಂದಿನ ಖರೀದಿಗೆ ಅದಕ್ಕಿಂತ ದೊಡ್ಡ ಆಯ್ಕೆ ಸಮಿತಿ ಬೇಕೆ? ಬೀರುವಿಗೆ ಬೀಗವಿದ್ದರೆ ಆ ಲೆಕ್ಕವೂ ಹುಟ್ಟುವುದಿಲ್ಲ.

ಹದಿಮೂರರಿಂದ ಹದಿನೆಂಟು

ಎಳೆಯ ಮಕ್ಕಳ ಮಾತಾಯಿತು. ಅದಕ್ಕಿಂತ ಬಿಕ್ಕಟ್ಟು ಹದಿಮೂರು ದಾಟಿದವರದು. ಅವರಿಗೆ ನಾಯಿಮರಿಯ ಪದ್ಯ ಸಾಕಾಗಿದೆ. ದೊಡ್ಡವರ ಸಂಸಾರದ ಕಾದಂಬರಿ ಇನ್ನೂ ಹಿಡಿಸದು. ನಡುವಿನ ಈ ಅರೆ ಕನ್ನಡದಲ್ಲಿ ಬಹಳ ತೆಳ್ಳಗಿದೆ. ಆದರೂ ಅವರು ತಮಗೆ ಬೇಕಾದುದನ್ನು ತಾವೇ ಹುಡುಕಿಕೊಳ್ಳುತ್ತಾರೆ. ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂತು. ಅದನ್ನು ಹುಡುಗರ ಪುಸ್ತಕವೆಂದು ಯಾರೂ ಹಣೆಪಟ್ಟಿ ಹಚ್ಚಲಿಲ್ಲ. ಆದರೆ ಹಾರುವ ಓತಿಯನ್ನು ಹುಡುಕುತ್ತ ಕಾಡಿಗೆ ನುಗ್ಗುವ ಆ ಕಥೆಯನ್ನು ಹಾಸ್ಟೆಲಿನ ಹುಡುಗರು ಕೈಯಿಂದ ಕೈಗೆ ದಾಟಿಸಿಕೊಂಡು ಓದಿದ್ದನ್ನು ನಾವು ಕಂಡಿದ್ದೇವೆ. ಅದಕ್ಕೂ ಹಿಂದೆ, ನಾಲ್ಕನೆಯ ತರಗತಿಯ ಆಚೆ ಶಾಲೆ ಕಾಣದ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಕನ್ನಡ ಓದಲು ಕಲಿತವರು ನಮ್ಮ ಗಿರಣಿಗಳ ಹಿರಿಯರಲ್ಲಿ ಎಷ್ಟು ಮಂದಿ! ಬಾಡಿಗೆಯ ಪುಸ್ತಕದಂಗಡಿಯಿಂದ ಒಂದು ದಿನಕ್ಕೆಂದು ತಂದು, ರಾತ್ರಿ ಪಾಳಿ ಮುಗಿಸಿ ಬಂದು ಓದಿ, ಬೆಳಗ್ಗೆ ಮರಳಿಸಿದವರು ಅವರು. ಪಂಡಿತರು ಮೂಗು ಮುರಿದರು. ನಾವು ಮುರಿಯುವುದಿಲ್ಲ. ಮೊದಲ ಮೆಟ್ಟಿಲು ಹತ್ತದೆ ಹತ್ತನೆಯದಕ್ಕೆ ಹಾರಿದವರನ್ನು ನಾವು ಕಂಡಿಲ್ಲ.

ಹೆಣ್ಣುಮಕ್ಕಳದು ಇನ್ನೂ ಬೇರೆ ಕಷ್ಟ. ಊರಿನ ವಾಚನಾಲಯದ ಬೆಂಚುಗಳಲ್ಲಿ ಗಂಡಸರು ಪತ್ರಿಕೆ ಹಿಡಿದು ಕೂತಿರುತ್ತಾರೆ. ಹದಿನೈದರ ಹುಡುಗಿ ಅಲ್ಲಿ ಕಾಲಿಡಲು ಅಂಜುತ್ತಾಳೆ. ಮನೆಯಲ್ಲಿ ನೀರು, ಅಡಿಗೆ, ತಮ್ಮನ ಆರೈಕೆ. ಅವಳಿಗೆ ಪುಸ್ತಕ ಮನೆಗೆ ಬರಬೇಕು. ಇಲ್ಲವಾದರೆ ಬರುವುದೇ ಇಲ್ಲ. ಠೇವಣಿ ಇಡಿ, ಜಾಮೀನಿನ ಸಹಿ ತನ್ನಿ ಎಂದು ಕೇಳುವ ಗ್ರಂಥಾಲಯ ಅವಳ ಪಾಲಿಗೆ ಮುಚ್ಚಿದ ಗ್ರಂಥಾಲಯವೇ.

ಇಲ್ಲಿ ಒಂದು ಒಳ್ಳೆಯ ಉದಾಹರಣೆಯನ್ನೂ ಹೇಳಬೇಕು. 2019ರಲ್ಲಿ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. 2020ರ ನವೆಂಬರಿನಲ್ಲಿ, ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಎಂಬ ಹೆಸರಿನಲ್ಲಿ 6ರಿಂದ 18 ವರುಷದವರಿಗೆ ಬಿಟ್ಟಿ ಸದಸ್ಯತ್ವ ಕೊಟ್ಟರು. ಠೇವಣಿಯ ತಡೆ ಹೋದೊಡನೆ ಲಕ್ಷಗಟ್ಟಲೆ ಮಕ್ಕಳು ಸೇರಿದರು. ಮಕ್ಕಳಿಗೆ ಓದು ಬೇಡವಾಗಿದೆ, ಮೊಬೈಲೇ ಸಾಕಾಗಿದೆ ಎನ್ನುವವರಿಗೆ ಇದೇ ಉತ್ತರ. ಆದರೆ ಆ ಗ್ರಂಥಾಲಯಗಳನ್ನು ತೆರೆದು ಕೂರುವ ಮೇಲ್ವಿಚಾರಕರು ಕನಿಷ್ಠ ವೇತನಕ್ಕಾಗಿ ವರುಷಗಟ್ಟಲೆ ಹೋರಾಡಬೇಕಾಯಿತು ಎಂಬುದನ್ನೂ ಮರೆಯಬಾರದು. ಪುಸ್ತಕವನ್ನೂ ಮಗುವನ್ನೂ ಕೂಡಿಸುವವನು ಒಬ್ಬ ಮನುಷ್ಯ. ಅವನ ಹೊಟ್ಟೆ ಖಾಲಿಯಿದ್ದರೆ ಬೆಳಕು ಎಲ್ಲಿಂದ?

“ಕಥೆ ಓದಿದರೆ ಮಾರ್ಕು ಬರುತ್ತದೆಯೇ?”

ಹೀಗೆ ಕೇಳುವ ತಂದೆತಾಯಿಗಳನ್ನು ನಾವು ದಿನವೂ ಕಾಣುತ್ತೇವೆ. ಅವರ ಆತಂಕ ಸುಳ್ಳಲ್ಲ. ಹೊಟ್ಟೆ ಕಟ್ಟಿ ಓದಿಸುತ್ತಿದ್ದಾರೆ. ಅವರಿಗೆ ನಾವು ಹೇಳುವುದಿಷ್ಟೆ. ಗ್ರಾಮೀಣ ಭಾರತದಲ್ಲಿ ಐದನೆಯ ತರಗತಿಯ ನೂರು ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ 50.5 ಇದ್ದದ್ದು 2022ರಲ್ಲಿ 42.8ಕ್ಕೆ ಇಳಿಯಿತೆಂದು ‘ಅಸರ್’ ವರದಿ ಹೇಳಿತು. ನಡುವೆ ಶಾಲೆ ಮುಚ್ಚಿದ್ದು ಕಾರಣ, ನಿಜ. ಆದರೆ ಮುಚ್ಚುವ ಮೊದಲೂ ಅರ್ಧದಷ್ಟು ಮಕ್ಕಳಿಗೆ ಓದು ಬರುತ್ತಿರಲಿಲ್ಲ. ಓದು ಬಾರದವನಿಗೆ ಗಣಿತದ ಲೆಕ್ಕವೂ ಬಾರದು, ಪ್ರಶ್ನೆಯೇ ಅರ್ಥವಾಗದು. ಈಜು ಬರಬೇಕಾದರೆ ನೀರಿಗಿಳಿಯಬೇಕು. ವರುಷಕ್ಕೆ ಒಂದೇ ಪಠ್ಯಪುಸ್ತಕವನ್ನು ಬಾಯಿಪಾಠ ಮಾಡುವ ಮಗು ದಡದಲ್ಲಿ ಕೂತು ಕೈ ಬಡಿಯುತ್ತಿದೆ. ಕಥೆಯ ಮುಂದೇನಾಯಿತು ಎಂಬ ಆಸೆಗೆ ಪುಟ ತಿರುಗಿಸುವ ಮಗು ನೀರಿನಲ್ಲಿದೆ.

ಉಳ್ಳವರ ಮಕ್ಕಳಿಗೆ ಮನೆಯಲ್ಲಿಯೇ ಕಪಾಟು ತುಂಬ ಪುಸ್ತಕ. ಅವರಿಗೆ ಶಾಲೆಯ ಬೀರು ಮುಚ್ಚಿದ್ದರೂ ನಷ್ಟವಿಲ್ಲ. ಮುಚ್ಚಿದ ಬೀರು ಶಿಕ್ಷಿಸುವುದು ನಮ್ಮ ನಿಮ್ಮ ಮಕ್ಕಳನ್ನು ಮಾತ್ರ.

ಆಗಬೇಕಾದುದು

ಸರಕಾರದ ಮುಂದೆ ನಮ್ಮ ಬೇಡಿಕೆ ನಾಲ್ಕು. ಒಂದು: ಓದಲು ಕೊಟ್ಟ ಪುಸ್ತಕದಲ್ಲಿ ಸಹಜ ನಷ್ಟವನ್ನು ಮನ್ನಿಸುವ ನಿಯಮವನ್ನು ರಾಜ್ಯದ ಎಲ್ಲ ಶಾಲೆಗಳಿಗೂ ಸ್ಪಷ್ಟವಾಗಿ ಅನ್ವಯಿಸಬೇಕು, ಹರಿದ ಪುಸ್ತಕದ ಬೆಲೆಯನ್ನು ಮಾಸ್ತರರಿಂದಾಗಲಿ ಮಗುವಿನಿಂದಾಗಲಿ ವಸೂಲು ಮಾಡಬಾರದು. ಎರಡು: ತನಿಖೆಯವರು ಎಣಿಸಬೇಕಾದುದು ಪುಸ್ತಕ ಮನೆಗೆ ಹೋದ ಲೆಕ್ಕವನ್ನು, ಬೀರುವಿನಲ್ಲಿ ಉಳಿದ ಲೆಕ್ಕವನ್ನಲ್ಲ. ಮೂರು: ವಸೂಲಾದ ಗ್ರಂಥಾಲಯ ಕರವನ್ನು ಆಯಾ ವರುಷವೇ ಒಪ್ಪಿಸಿ, ಪಟ್ಟಣದ ಬಡಾವಣೆಗಳಲ್ಲಿಯೂ ಹಳ್ಳಿಗಳಂತೆ ಮಕ್ಕಳಿಗೆ ಠೇವಣಿಯಿಲ್ಲದ ಸದಸ್ಯತ್ವ ಕೊಡಬೇಕು. ನಾಲ್ಕು: ಗ್ರಂಥಾಲಯ ನೋಡಿಕೊಳ್ಳುವವರಿಗೆ ಹೊಟ್ಟೆ ತುಂಬುವ ಸಂಬಳ ಸಿಗಬೇಕು.

ಸರಕಾರ ಮಾಡುವ ತನಕ ನಾವು ಕಾದು ಕೂರಬೇಕಾಗಿಲ್ಲ. ಕಿರಾಣಿ ಅಂಗಡಿಯ ಬಂಧುಗಳೇ, ನಿಮ್ಮ ಉದ್ದರಿ ಪುಸ್ತಕದಲ್ಲಿ ಬೀದಿಯ ಪ್ರತಿ ಮನೆಯ ಹೆಸರೂ ಇದೆ. ಅಕ್ಕಿ ಬೇಳೆಯನ್ನು ನಂಬಿ ಕೊಡುವ ನೀವು ಒಂದು ಕಥೆಪುಸ್ತಕವನ್ನು ನಂಬಿ ಕೊಡಲಾರಿರಾ? ಒಂದು ಟ್ರಂಕಿನಲ್ಲಿ ಐವತ್ತು ಪುಸ್ತಕ ಗಲ್ಲದ ಪಕ್ಕದಲ್ಲಿರಲಿ. ಎಣ್ಣೆಗೆ ಬಂದ ಹುಡುಗಿ ಪುಸ್ತಕವನ್ನೂ ಒಯ್ಯಲಿ. ಅವಳಿಗೆ ವಾಚನಾಲಯದ ಬೆಂಚಿನ ಅಂಜಿಕೆಯಿಲ್ಲ. ಗಿರಣಿಯ ಬಂಧುಗಳೇ, ಯೂನಿಯನ್ ಕಚೇರಿಯ ಬಾಗಿಲು ಭಾನುವಾರ ಬೆಳಗ್ಗೆ ಮಕ್ಕಳಿಗಾಗಿ ತೆರೆಯಲಿ. ಓದು ಬಂದ ಹುಡುಗ ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಲಿ. ಪುಸ್ತಕಕ್ಕೆ ಚಂದಾ ಕೇಳಲು ನಾವೂ ಬರುತ್ತೇವೆ.

ಇನ್ನೊಂದು ಕೆಲಸ ಖರ್ಚಿಲ್ಲದ್ದು. ಸರಕಾರಿ ಶಾಲೆಯ ಶಾಲಾಭಿವೃದ್ಧಿ ಸಮಿತಿಯಲ್ಲಿ ತಂದೆತಾಯಿಗಳಿಗೆ ಸ್ಥಾನವುಂಟು. ಬರುವ ಸಭೆಗೆ ಪಾಳಿ ಬದಲಿಸಿಕೊಂಡಾದರೂ ಹೋಗಿ. ಸುಣ್ಣಬಣ್ಣದ ಮಾತು, ಬಿಸಿಯೂಟದ ಮಾತು ಮುಗಿದ ಮೇಲೆ ಎದ್ದು ನಿಂತು, ಸಿಟ್ಟಿಲ್ಲದೆ, ಒಂದೇ ಪ್ರಶ್ನೆ ಕೇಳಿ: ಈ ತಿಂಗಳು ಎಷ್ಟು ಪುಸ್ತಕ ಮಕ್ಕಳ ಮನೆಗೆ ಹೋದವು? ಉತ್ತರ ಸೊನ್ನೆಯಾದರೆ ಮಾಸ್ತರರನ್ನು ಬೈಯಬೇಡಿ. ಹರಿದುದಕ್ಕೆ ನಿಮ್ಮನ್ನು ಯಾರೂ ಕೇಳಕೂಡದು, ಕೇಳಿದರೆ ನಾವಿದ್ದೇವೆ ಎಂದು ಸಮಿತಿಯಿಂದ ಒಂದು ಠರಾವು ಬರೆಸಿಕೊಡಿ. ಮುಂದಿನ ತಿಂಗಳು ಅದೇ ಪ್ರಶ್ನೆಯನ್ನು ಮತ್ತೆ ಕೇಳಿ.